ನಾಟಿ ಹೊತ್ತಿಗೆ ಹಳೇ ಟ್ರ್ಯಾಕ್ಟರ್ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಆರಿದ್ರಾ ಮಳೆ ಹಿಡಿದಿದೆ. ಭತ್ತದ ಅಗೆ (ಸಸಿಮಡಿ) ಹಾಕಿ ಇಪ್ಪತ್ತೈದು ದಿನವಾಗುತ್ತ ಬಂತು. ನಾಳೆ ನಾಟಿಗೆ ಬರಲು ಆಳುಗಳಿಗೆ ಹೇಳಿಯೂ ಆಗಿದೆ. ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಅಗೆ ಬಲಿತಷ್ಟೂ ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆಯಾಗುವುದರಿಂದ ಈ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ಕಳೆಯುವ ಎರಡು ಮೂರು ದಿನ ಇಳುವರಿಯನ್ನೇ ತಿನ್ನುತ್ತದೆ. ಹಾಗಾಗಿ ಮನೆಯಂಗಳದಲ್ಲೇ ಹಿಡಿಯಬಹುದಾದ ದೋಷ ಯಾವುದು, ಮೆಕ್ಯಾನಿಕ್ ಬರುವವರೆಗೆ ಮುಟ್ಟಬಾರದ್ದು ಯಾವುದು ಎಂದು ಗೊತ್ತಿರಬೇಕು.

ಹಳೇ ಗಾಡಿ ಎಂದರೆ ಇಲ್ಲಿ ಎಚ್‌ಎಂಟಿ 2511, ಮಹೀಂದ್ರಾ ಬಿ-275, ಮ್ಯಾಸಿ ಫರ್ಗುಸನ್ 1035, ಸ್ವರಾಜ್ 724, ಏರ್ ಕೂಲ್ಡ್ ಐಷರ್, ಇಂಥವು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕಣ್ಣು, ಕಿವಿ, ಮೂಗು ಇದ್ದರೆ ಮುಕ್ಕಾಲು ಪಾಲು ದೋಷ ಸಿಕ್ಕಿಬೀಳುತ್ತದೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ವರ್ಷಕ್ಕೆ 2500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಥ ಊರಿನಲ್ಲಿ ಗಾಡಿ ಕೆಟ್ಟರೆ ಮೊದಲು ಕೇಳಬೇಕಾದ ಪ್ರಶ್ನೆ: ನೀರು ಎಲ್ಲಿಂದ ಒಳಗೆ ಹೋಯಿತು? ನೀರು ನುಗ್ಗುವುದು ಗದ್ದೆ ಹೊಡೆಯುವಾಗ ಮಾತ್ರವಲ್ಲ, ಕೆಲಸ ಮುಗಿಸಿ ರಾತ್ರಿ ನಿಲ್ಲಿಸಿದ ಮೇಲೂ. ಎಂಜಿನ್ ಬಿಚ್ಚುವ ಮಾತು ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲಿನದ್ದು.

ಕೈ ಹಾಕುವ ಮುಂಚೆ

ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ರೋಟಾವೇಟರ್ ನೆಲಕ್ಕಿಳಿಸಿ, ಪಿಟಿಒ (ರೋಟಾವೇಟರಿಗೆ ಬಲ ಕೊಡುವ ಹಿಂದಿನ ಶಾಫ್ಟು) ಬಿಡಿಸಿ, ಎಂಜಿನ್ ಆಫ್ ಮಾಡಿ. ಮಳೆಗೆ ಹೊದ್ದ ಪ್ಲಾಸ್ಟಿಕ್ ಕೊಪ್ಪೆ, ಸಡಿಲ ಲುಂಗಿ, ಹೆಗಲ ಮೇಲಿನ ಟವೆಲ್ಲು ತೆಗೆದಿಟ್ಟೇ ಹತ್ತಿರ ಹೋಗಿ. ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ಕೊಪ್ಪೆಯ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಯಾರಿಗೂ ಸಮಯ ಸಿಗುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಮಿಕ್ಕೆಲ್ಲ ರಿಪೇರಿಗಿಂತ ಮೊದಲು ಅದನ್ನು ಹಾಕಿಸಿ.

ಸೆಲ್ಫ್ ಹೊಡೆದರೆ ‘ಟಕ್’ ಎನ್ನುತ್ತದೆ, ಎಂಜಿನ್ ತಿರುಗುವುದಿಲ್ಲ

ಬ್ಯಾಟರಿ ಹೋಗಿದೆ ಎಂದು ಹೊಸದು ತರಲು ಓಡಬೇಡಿ. ಉಪ್ಪುಗಾಳಿಯ ಊರಿನಲ್ಲಿ ಬ್ಯಾಟರಿಗಿಂತ ಮೊದಲು ಕೆಡುವುದು ಟರ್ಮಿನಲ್ಲು. ಬಿಳಿ ಅಥವಾ ಹಸಿರು ಹೂವು ಕಟ್ಟಿದ್ದರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ವಯರ್ ಬಿಚ್ಚಿ. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಉಪ್ಪುಕಾಗದದಿಂದ ಸೀಸ ಹೊಳೆಯುವ ತನಕ ತಿಕ್ಕಿ. ಸೋಡಾ ನೀರು ಬ್ಯಾಟರಿಯ ಒಳಗೆ ಬೀಳದಂತೆ ಮುಚ್ಚಳ ಬಿಗಿ ಇರಲಿ. ಮರಳಿ ಕೂರಿಸುವಾಗ ಪಾಸಿಟಿವ್ ಮೊದಲು. ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿ. ಬಿಗಿ ಮಾಡುವ ಮೊದಲು ಸವರಿದರೆ ಕರೆಂಟಿಗೆ ಅಡ್ಡಿ.

ಅರ್ಥ್ ವಯರ್ ಚಾಸಿಗೆ ಕೂರುವ ಜಾಗವನ್ನೂ ಬಿಚ್ಚಿ ಕೆರೆಯಿರಿ. ಮೇಲಿನಿಂದ ಚೆನ್ನಾಗಿ ಕಂಡರೂ ವಾಶರಿನ ಅಡಿ ತುಕ್ಕು ಕೂತಿರುತ್ತದೆ. ಎಷ್ಟೋ ಗಾಡಿಗಳ ‘ಬ್ಯಾಟರಿ ತೊಂದರೆ’ ಈ ಒಂದು ಬೋಲ್ಟಿನಲ್ಲಿ ಮುಗಿಯುತ್ತದೆ.

ಆಮೇಲೆ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿ ನಿಂತ 12 ವೋಲ್ಟ್ ಬ್ಯಾಟರಿ ಬೆಳಿಗ್ಗೆ 12.6 ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಬಲವಿಲ್ಲ, ಇಲ್ಲವೇ ಸೆಲ್ಫ್ ಒಳಗೇ ಹಿಡಿದುಕೊಂಡಿದೆ. ಕುಸಿಯದೆ 12ರ ಆಸುಪಾಸಿನಲ್ಲೇ ನಿಂತು ಬರೀ ‘ಟಕ್’ ಎಂದರೆ ಕರೆಂಟ್ ಸೆಲ್ಫ್ ತನಕ ಹೋಗುತ್ತಿಲ್ಲ: ಕೇಬಲ್, ಸ್ವಿಚ್ಚು ಅಥವಾ ಸೆಲ್ಫಿಗೆ ಕರೆಂಟ್ ಬಿಡುವ ಸೊಲೆನಾಯ್ಡ್ ನೋಡಿ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ಮೊದಲು ಬೆಲ್ಟ್ ಒದ್ದೆಯಾಗಿ ಜಾರುತ್ತಿದೆಯೇ ನೋಡಿ, ಡೈನಮೋ ಬಿಚ್ಚುವುದು ಕೊನೆಗೆ.

ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ಟರ್ಮಿನಲ್ ಮುಟ್ಟಿಸಿ ನೆಲದಲ್ಲಿ ನಿಂತೇ ಸ್ಟಾರ್ಟ್ ಮಾಡುವ ಚಟ ಬಿಡಿ. ಹಳೇ ಗಾಡಿಗಳಲ್ಲಿ ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚು ಸಾಮಾನ್ಯವಾಗಿ ಇರುವುದಿಲ್ಲ. ಗೇರಿನಲ್ಲಿದ್ದರೆ ಹಿಂದಿನ ಚಕ್ರ ನೇರ ನಿಮ್ಮ ಮೇಲೇ ಬರುತ್ತದೆ.

ರಾತ್ರಿ ಮಳೆಯಲ್ಲಿ ನಿಂತಿತ್ತು, ಬೆಳಿಗ್ಗೆ ಅರ್ಧ ತಿರುಗಿ ‘ಗಕ್’ ಎಂದು ನಿಂತಿತು

ಈ ಲಕ್ಷಣ ಕಂಡರೆ ಎರಡನೇ ಸಲ ಸೆಲ್ಫ್ ಹೊಡೆಯಬೇಡಿ. ನಿಂತ ಸೈಲೆನ್ಸರಿಗೆ ಮುಚ್ಚಳವಿಲ್ಲದಿದ್ದರೆ ಮಳೆನೀರು ಕೊಳವೆಯಲ್ಲಿ ಇಳಿದು ಮ್ಯಾನಿಫೋಲ್ಡಿಗೆ, ಅಲ್ಲಿಂದ ತೆರೆದಿರುವ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೆ ಹೋಗುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದಿದಾಗ ಬಾಗುವುದು ಕನೆಕ್ಟಿಂಗ್ ರಾಡು. ಸೆಲ್ಫಿನ ಬಲಕ್ಕೆ ಬಾಗದಿದ್ದರೂ, ಇನ್ನೊಂದು ಗಾಡಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡಿದರೆ ಖಂಡಿತ ಬಾಗುತ್ತದೆ.

ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ ಸ್ಟಾಪ್ ರಾಡ್ ಎಳೆದಿಟ್ಟು, ನ್ಯೂಟ್ರಲ್‌ನಲ್ಲಿ, ಮುಂದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿ. ಕಂಪ್ರೆಶನ್ನಿನಲ್ಲಿ ಬಿಗಿಯಾಗಿ, ಸ್ವಲ್ಪ ಒತ್ತಿ ಹಿಡಿದಾಗ ‘ಸುಸ್’ ಎಂದು ದಾಟಿದರೆ ಅದು ಗಾಳಿ. ಗೋಡೆಗೆ ಬಡಿದಂತೆ ನಿಂತು ಹಿಡಿದಷ್ಟು ಹೊತ್ತೂ ಜಗ್ಗದಿದ್ದರೆ ನೀರು. ಆಗ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಎಲ್ಲ ನಾಝಲ್ ಬಿಚ್ಚಿ ತೆಗೆದು, ಕೈಯಿಂದಲೇ ನಾಲ್ಕಾರು ಸುತ್ತು ತಿರುಗಿಸಿ ನೀರು ಹೊರಗೆ ಹಾಕಬೇಕು. ನಾಝಲ್ ತೂತಿಗೆ ಮುಖ ಒಡ್ಡಬೇಡಿ. ನೀರು ಹೋದ ಮೇಲೆ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ, ನಾಝಲ್ಲಿಗೆ ಹೊಸ ತಾಮ್ರದ ವಾಶರ್ ಹಾಕಿ ಕೂರಿಸಿ.

ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಆಯಿಲಿನ ಕಡ್ಡಿ ನೋಡಿ. ಮಟ್ಟ ಏರಿದ್ದರೆ, ಕಡ್ಡಿಯ ತುದಿಯಲ್ಲಿ ನೀರಹನಿ ಕಂಡರೆ, ಆಯಿಲ್ ಬೂದು ಅಥವಾ ಹಾಲು ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಬೇಕು, ಫಿಲ್ಟರ್ ಸಮೇತ. ಅನುಮಾನವಿದ್ದರೆ ಬಿಸಿ ತವೆಯ ಮೇಲೆ ಎರಡು ಹನಿ ಬಿಡಿ: ಚಟಪಟ ಎಂದರೆ ನೀರಿದೆ. ಸ್ಟಾರ್ಟ್ ಆದ ಮೇಲೆ ಒಂದೇ ಲಯದಲ್ಲಿ ಕುಟ್ಟುವ ಸದ್ದು ಬಂದರೆ ರಾಡು ಬಾಗಿದೆ. ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ.

ಇಷ್ಟೆಲ್ಲ ಅನಾಹುತ ತಡೆಯಲು ಸೈಲೆನ್ಸರಿನ ಮೇಲೆ ಕವುಚಿ ಹಾಕಿದ ಒಂದು ತಗಡಿನ ಡಬ್ಬಿ ಸಾಕು. ಸಂಜೆ ಎಂಜಿನ್ ನಿಲ್ಲಿಸಿದೊಡನೆ ಡಬ್ಬಿ ಹಾಕುವುದು ಮನೆಯವರಿಗೆಲ್ಲ ರೂಢಿಯಾಗಲಿ.

ಸೆಲ್ಫ್ ಚೆನ್ನಾಗಿ ತಿರುಗಿಸುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಚಳಿಗೆ ಹಿಡಿಯುತ್ತಿಲ್ಲ ಎಂಬ ಮಾತು ಕರಾವಳಿಯ ಜುಲೈ ತಿಂಗಳಲ್ಲಿ ನಡೆಯುವುದಿಲ್ಲ. ಸೈಲೆನ್ಸರ್ ನೋಡುತ್ತ ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ: ನೀರು ಬೆರೆತಿದೆ, ಇಲ್ಲವೇ ಕಂಪ್ರೆಶನ್ ಹೋಗಿದೆ. ಒಂದು ಸಲಕ್ಕೆ 10–15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಒಂದು ನಿಮಿಷ ಬಿಡಿ.

ಹೊಗೆ ಇಲ್ಲದಿದ್ದರೆ ಮೊದಲು ಸ್ಟಾಪ್ ರಾಡ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ತುಕ್ಕು ಹಿಡಿದ ಕೇಬಲ್ ಅರ್ಧಕ್ಕೇ ನಿಂತಿರುತ್ತದೆ. ಪಂಪಿನ ಮೇಲಿನ ಲಿವರನ್ನೇ ಕೈಯಿಂದ ತಳ್ಳಿ ನೋಡಿದರೆ ಗೊತ್ತಾಗುತ್ತದೆ. ಟ್ಯಾಂಕಿನ ಕಾಕ್ ತೆರೆದಿದೆಯೇ, ಡೀಸೆಲ್ ಇದೆಯೇ ಎಂಬುದನ್ನೂ ನಾಚಿಕೆಪಡದೆ ನೋಡಿ.

ಮುಂದಿನದು ನೀರಿನ ಪರೀಕ್ಷೆ. ಬೆಳಿಗ್ಗೆ ಗಾಡಿ ಅಲುಗಿಸುವ ಮೊದಲೇ ಮಾಡಬೇಕು, ಆಗ ನೀರು ತಳದಲ್ಲಿ ಕೂತಿರುತ್ತದೆ. ಟ್ಯಾಂಕಿನ ತಳದ ಡ್ರೈನ್ ಪ್ಲಗ್ ಸಡಿಲಿಸಿ ಕಾಲು ಲೀಟರಿನಷ್ಟನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ನೀರು ಡೀಸೆಲ್ಲಿಗಿಂತ ಭಾರ, ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಪದರ ಕಂಡರೆ ಬರೀ ಡೀಸೆಲ್ ಬರುವ ತನಕ ಬಸಿಯಿರಿ. ಫಿಲ್ಟರಿನ ಕೆಳಗಿನ ಬಟ್ಟಲು, ಎರಡೂ ಫಿಲ್ಟರಿನ ಡ್ರೈನ್ ಕೂಡ ಹಾಗೇ. ನೀರು–ಡೀಸೆಲ್ ಕೂಡುವ ಗೆರೆಯಲ್ಲಿ ಕಂದು ಲೋಳೆ ಇದ್ದರೆ ಅದು ಡೀಸೆಲ್ಲಿನಲ್ಲಿ ಬೆಳೆದ ಪಾಚಿಯಂಥದ್ದು, ಫಿಲ್ಟರ್ ಕಟ್ಟಿಸುತ್ತದೆ. ಆಗ ಟ್ಯಾಂಕ್ ಬಿಚ್ಚಿ ತೊಳೆಯದೆ ಫಿಲ್ಟರ್ ಮಾತ್ರ ಬದಲಿಸಿದರೆ ವಾರದೊಳಗೆ ಮತ್ತೆ ಅದೇ ಕತೆ.

ಈ ನೀರು ಬರುವುದು ಮೂರು ದಾರಿಯಲ್ಲಿ. ಮುಚ್ಚಳದ ರಬ್ಬರ್ ಒಣಗಿ ಸೀಳಿರುವುದು ಒಂದು. ಮಳೆಯಲ್ಲಿ ಕ್ಯಾನಿನಿಂದ ಡೀಸೆಲ್ ಸುರಿಯುವುದು ಇನ್ನೊಂದು. ಮೂರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ: ಅರ್ಧ ಖಾಲಿ ಟ್ಯಾಂಕಿನ ಒಳಗಿನ ತೇವದ ಗಾಳಿ ರಾತ್ರಿ ತಂಪಾಗಿ ಗೋಡೆಗೆ ಬೆವರು ಹನಿಯುತ್ತದೆ. ಸಂಜೆಯೇ ಟ್ಯಾಂಕ್ ತುಂಬಿಸಿಟ್ಟರೆ ಬೆವರಲು ಗಾಳಿಯೇ ಇರುವುದಿಲ್ಲ.

ನೀರು ಬಸಿದ ಮೇಲೆ ಏರ್, ಅಂದರೆ ಡೀಸೆಲ್ ದಾರಿಯಲ್ಲಿ ಸೇರಿಕೊಂಡ ಗಾಳಿ, ತೆಗೆಯಬೇಕು. ಅವಸರ ಮಾಡಿದರೆ ಎರಡು ಸಲ ಮಾಡಬೇಕಾಗುತ್ತದೆ, ಆದ್ದರಿಂದ ಕ್ರಮ ತಪ್ಪಿಸಬೇಡಿ.

1. ಮೊದಲ ಫಿಲ್ಟರಿನ ತಲೆಯ ಮೇಲಿನ ಬ್ಲೀಡಿಂಗ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಹ್ಯಾಂಡ್ ಲಿವರ್ ಒತ್ತುತ್ತಿರಿ. ಲಿವರ್ ಸತ್ತಂತೆ ಒತ್ತಡವೇ ಕೊಡದಿದ್ದರೆ ಒಳಗಿನ ಕ್ಯಾಮ್ ಎತ್ತಿ ಹಿಡಿದಿದೆ, ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ.

2. ನೊರೆ ನಿಂತು ಬರೀ ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಎರಡನೇ ಫಿಲ್ಟರಿಗೂ, ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹೀಗೇ.

3. ನಾಝಲ್ ಕಡೆಯ ಪೈಪ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಕ್ಸಿಲೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಿರಿ. ಪ್ರತಿ ನಟ್ಟಿನಿಂದ ಡೀಸೆಲ್ ಜಿನುಗಿದ ಮೇಲೆ ಬಿಗಿ ಮಾಡಿ.

ಸಡಿಲಿಸಿದ ನಟ್ಟಿನ ಹತ್ತಿರ ಕೈ ಇಡಬೇಡಿ. ನಾಝಲ್ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಏರ್ ತೆಗೆದರೂ ಮತ್ತೆ ಮತ್ತೆ ಏರ್ ಹಿಡಿಯುತ್ತಿದ್ದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು, ವಾಶರ್ ನೋಡಿ. ಅಲ್ಲಿ ಡೀಸೆಲ್ ಹೊರಗೆ ಸೋರದಿದ್ದರೂ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಎಲ್ಲ ಸರಿಯಿದ್ದೂ ನಾಝಲ್ಲಿಗೆ ಡೀಸೆಲ್ ಬಾರದಿದ್ದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಇಂಜೆಕ್ಷನ್ ಪಂಪ್ ಮನೆಯಲ್ಲಿ ಬಿಚ್ಚುವ ವಸ್ತುವಲ್ಲ. ಅದಕ್ಕೆ ಪರೀಕ್ಷಾ ಬೆಂಚು ಇರುವ ಅಂಗಡಿಯೇ ಬೇಕು. ಏರ್ ಕ್ಲೀನರಿನ ಬಾಯಿಗೆ ಉರಿಯುವ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುವುದು ಪಿಸ್ಟನ್ ಸುಡುವ ದಾರಿ, ಕೈ ಸುಡುವ ದಾರಿ ಕೂಡ.

ಅರ್ಧ ಗದ್ದೆ ಹೊಡೆದ ಮೇಲೆ ಸೊರಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ

ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಂಯ್’ ಎಂದು ಗಾಳಿ ಒಳಗೆಳೆದ ಸದ್ದು ಬಂದರೆ ಮುಚ್ಚಳದ ಉಸಿರುತೂತು ಕೆಸರಿನಿಂದ ಮುಚ್ಚಿದೆ. ಡೀಸೆಲ್ ಇಳಿದಷ್ಟು ಗಾಳಿ ಒಳಬರದಿದ್ದರೆ ಟ್ಯಾಂಕಿನಲ್ಲಿ ಸೆಳೆತ ಹುಟ್ಟಿ ಹರಿವು ನಿಲ್ಲುತ್ತದೆ, ಬಿಟ್ಟ ಮೇಲೆ ನಿಧಾನ ಸರಿಹೋಗುತ್ತದೆ. ತಂತಿಯಿಂದ ತೂತು ಬಿಡಿಸಿದರೆ ಮುಗಿಯಿತು. ಸದ್ದು ಬರದಿದ್ದರೆ ಟ್ಯಾಂಕಿನ ಒಳಗಿನ ಜಾಲರಿ ಮತ್ತು ಫಿಲ್ಟರ್ ಬಟ್ಟಲು ನೋಡಿ: ಲೋಳೆ ಹರಿವಿಗೆ ಅಂಟಿ ಕೂರುತ್ತದೆ, ಎಂಜಿನ್ ನಿಂತಾಗ ಕಳಚಿ ಬೀಳುತ್ತದೆ.

ಕಪ್ಪು ಹೊಗೆ ಕಾರುತ್ತ ಎಳೆಯಲಾರದೆ ನಿಂತರೆ ಬೇರೆ ಕತೆ. ಡೀಸೆಲ್ ಇದೆ, ಗಾಳಿ ಸಾಲದು, ಇಲ್ಲವೇ ಹೊರೆ ಹೆಚ್ಚು. ಒಂದು ಗೇರ್ ಇಳಿಸಿ, ರೋಟಾವೇಟರ್ ಹೊಡೆಯುವ ಆಳ ಕಡಿಮೆ ಮಾಡಿ ನೋಡಿ. ಹೊಗೆ ಹೋಗದಿದ್ದರೆ ಆಯಿಲ್ ಇರುವ ಏರ್ ಕ್ಲೀನರಿನ ಬಟ್ಟಲು ಬಿಚ್ಚಿ. ಮಳೆಯಲ್ಲಿ ಅದಕ್ಕೆ ನೀರು ಸೇರಿ ಆಯಿಲ್ ಗುರುತಿಗಿಂತ ಮೇಲೇರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಜಿನ್ ಆ ಆಯಿಲನ್ನೇ ಎಳೆದು ಉರಿಸತೊಡಗಿದರೆ ಸ್ಟಾಪ್ ರಾಡ್ ಎಳೆದರೂ ನಿಲ್ಲದೆ ಓಟ ಏರುತ್ತಲೇ ಹೋಗುತ್ತದೆ. ಆಗ ಗಾಳಿಯ ಬಾಯಿಯನ್ನು ಹಲಗೆಯಿಂದ ಗಟ್ಟಿಯಾಗಿ ಮುಚ್ಚಬೇಕು, ಅಂಗೈಯಿಂದ ಬೇಡ. ನಾಟಿ ದಿನಗಳಲ್ಲಿ ಬಟ್ಟಲನ್ನು ದಿನಾ ನೋಡಿ, ಆಯಿಲ್ ಗುರುತಿನವರೆಗೆ ಮಾತ್ರ ಹಾಕಿ.

ಬಿಸಿ ಏರಿ ನಿಲ್ಲುವ ಗಾಡಿಗೆ ರೇಡಿಯೇಟರ್ ಜಾಲಿಯಲ್ಲಿ ಕೆಸರು–ಹುಲ್ಲು ಒಣಗಿ ಕೂತಿರುವುದೇ ಸಾಮಾನ್ಯ ಕಾರಣ. ಎಂಜಿನ್ ತಣಿದ ಮೇಲೆ ಫ್ಯಾನ್ ಕಡೆಯಿಂದ ಮುಂದಕ್ಕೆ ನೀರು ಹೊಡೆಯಿರಿ. ಏರ್ ಕೂಲ್ಡ್ ಐಷರಿನಲ್ಲಿ ರೇಡಿಯೇಟರೇ ಇಲ್ಲ, ಸಿಲಿಂಡರಿನ ರೆಕ್ಕೆಗಳ ನಡುವೆ ಕೆಸರು ತುಂಬಿದರೆ ಅದೇ ಪರಿಣಾಮ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ 12–15 ಮಿಲಿಮೀಟರ್ ಬಾಗಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ನೀರು ದಿನಾ ಕಡಿಮೆಯಾಗುತ್ತ ಎಂಜಿನ್ ಆಯಿಲ್ ಹಾಲಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಲೈನರ್ ರಬ್ಬರ್ ಹೋಗಿದೆ, ಗಾಡಿ ನಿಲ್ಲಿಸಿಡಿ.

ಎಂಜಿನ್ ಓಡುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ

ಚಕ್ರ ನೋಡಿ. ಎಂಜಿನ್ ಸದ್ದು ಏರುತ್ತದೆ, ಚಕ್ರ ತಿರುಗುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಚಕ್ರ ತಿರುಗುತ್ತದೆ, ಗಾಡಿ ಅಲ್ಲೇ ಇದೆ ಎಂದರೆ ನೆಲದ ಹಿಡಿತ ತಪ್ಪಿದೆ.

ಕ್ಲಚ್ಚಿಗೆ ಮೊದಲು ಪೆಡಲಿನ ಸಡಿಲ ನೋಡಿ. ಹೆಚ್ಚಿನ ಹಳೇ ಗಾಡಿಗಳಲ್ಲಿ 20–30 ಮಿಲಿಮೀಟರ್ ಇರಬೇಕು. ಸಡಿಲವೇ ಇಲ್ಲದಿದ್ದರೆ ಪ್ಲೇಟ್ ಪೂರ್ತಿ ಕೂರುವುದಿಲ್ಲ, ರಾಡಿನ ನಟ್ಟು ತಿರುಗಿಸಿ ಸರಿಮಾಡಿ. ಕ್ಲಚ್ ಹೌಸಿಂಗಿನ ಅಡಿ ಒಂದು ತೂತಿದೆ. ಮೊಣಕಾಲುದ್ದ ನೀರಿನಲ್ಲಿ ಹೊಡೆಯುವಾಗ ಅದಕ್ಕೆ ಪ್ಲಗ್ ಬೇಕು, ಗಟ್ಟಿ ನೆಲಕ್ಕೆ ಬಂದ ಮೇಲೆ ತೆಗೆಯಬೇಕು. ತೂತಿನಿಂದ ನೀರು ಸುರಿದರೆ ಪ್ಲೇಟ್ ಒದ್ದೆಯಾಗಿದೆ, ಒಣಗಿದರೆ ಸರಿಹೋಗುತ್ತದೆ. ಕಪ್ಪು ಆಯಿಲ್ ಸುರಿದರೆ ಕ್ರ್ಯಾಂಕಿನ ಹಿಂದಿನ ಸೀಲ್, ದಪ್ಪ ಗೇರ್ ಆಯಿಲ್ ಆದರೆ ಗೇರ್‌ಬಾಕ್ಸಿನ ಸೀಲ್ ಹೋಗಿದೆ. ಇವೆರಡಕ್ಕೂ ಗಾಡಿಯನ್ನು ನಡುವೆ ಎರಡು ಭಾಗವಾಗಿ ಬಿಚ್ಚಬೇಕು, ಗ್ಯಾರೇಜಿನ ಕೆಲಸ.

ಹಿಡಿತದ ತೊಂದರೆಯನ್ನು ಅಳೆಯಬಹುದು. ಹಿಂದಿನ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ರೋಟಾವೇಟರ್ ಎತ್ತಿಕೊಂಡು ಹತ್ತು ಸುತ್ತಿಗೆ ಎಷ್ಟು ದೂರ, ಇಳಿಸಿ ಹೊಡೆಯುವಾಗ ಹತ್ತು ಸುತ್ತಿಗೆ ಎಷ್ಟು ದೂರ ಎಂದು ನೋಡಿ. 40 ಮೀಟರ್ ಇದ್ದದ್ದು 32ಕ್ಕೆ ಇಳಿದರೆ ಜಾರುವಿಕೆ ನೂರಕ್ಕೆ 20; ಕೆಸರಿನಲ್ಲಿ ಇದನ್ನು ಒಪ್ಪಬಹುದು. 26ಕ್ಕೆ ಇಳಿದರೆ ಮೂರನೇ ಒಂದು ಭಾಗ ಡೀಸೆಲ್ ಕೆಸರು ಕಡೆಯಲು ಹೋಗುತ್ತಿದೆ. ಟೈರಿನ ಹಲ್ಲು ಸವೆದಿದ್ದರೆ ಕೇಜ್ ವೀಲ್ (ಕೆಸರಿಗೆಂದೇ ಇರುವ ಕಬ್ಬಿಣದ ಪಂಜರಚಕ್ರ) ಹಾಕದೆ ಬೇರೆ ಉಪಾಯವಿಲ್ಲ. ಟ್ಯೂಬಿಗೆ ನೀರು ತುಂಬಿ ಭಾರ ಹೆಚ್ಚಿಸುವುದು ಗಟ್ಟಿ ನೆಲದ ಲೆಕ್ಕ. ಆಳ ಕೆಸರಿನಲ್ಲಿ ಆ ಭಾರವೇ ಗಾಡಿಯನ್ನು ಕೆಳಗೆಳೆಯುತ್ತದೆ, ಬಸಿದು ತೆಗೆಯಿರಿ. ಮುಂಭಾರ ಮಾತ್ರ ಕಳೆಯಬೇಡಿ. ಗಾಡಿಯ ತೂಕದಲ್ಲಿ ಐದರಲ್ಲೊಂದು ಪಾಲಾದರೂ ಮುಂದಿನ ಚಕ್ರದ ಮೇಲಿರಬೇಕು, ಇಲ್ಲದಿದ್ದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಗದ್ದೆಗೆ ಇಳಿಯುವ ಮುಂಚೆ ಗೂಟ ಚುಚ್ಚಿ ಗಟ್ಟಿ ತಳ ಎಷ್ಟು ಆಳದಲ್ಲಿದೆ ನೋಡುವುದು ಒಳ್ಳೆಯ ಅಭ್ಯಾಸ. ಒಂದು ಅಡಿಗಿಂತ ಕೆಳಗೆ ಹೋಯಿತೆಂದರೆ ಅದು ಪವರ್ ಟಿಲ್ಲರ್ ಗದ್ದೆ.

ಹೂತು ಹೋದರೆ ಮೂರನೇ ಸುತ್ತಿಗೇ ಆಕ್ಸಿಲೇಟರ್ ಬಿಡಿ. ಚಕ್ರ ತಿರುಗಿದಷ್ಟೂ ಹೊಂಡ ತೋಡುತ್ತದೆ. ರೋಟಾವೇಟರ್ ಕಳಚಿ, ಹಿಂದಿನ ಚಕ್ರದ ಹಿಂಬದಿಗೆ ಇಳಿಜಾರಾಗಿ ಕೆಸರು ತೋಡಿ, ಬಂದ ದಾರಿಯಲ್ಲೇ ರಿವರ್ಸ್ ಹೋಗಲು ನೋಡಿ. ಎರಡೂ ಹಿಂಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಶಿಯಲ್ ಲಾಕ್ ಇದ್ದರೆ ಚಕ್ರ ನಿಂತಿರುವಾಗ ಹಾಕಿ, ನೇರ ಹೋಗುವಾಗ ಮಾತ್ರ.

ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಅಡ್ಡ ಕಟ್ಟಿ ಮುಂದಕ್ಕೆ ಹೋಗಲು ಹೊರಡುವುದನ್ನು ಎಲ್ಲರೂ ಬಿಡಬೇಕು. ಚಕ್ರ ತಿರುಗಲಾರದೆ ಸಿಕ್ಕಿಕೊಂಡಾಗ ಎಂಜಿನಿನ ಬಲ ಗಾಡಿಯ ಮೈಯನ್ನೇ ಆಕ್ಸಲಿನ ಸುತ್ತ ತಿರುಗಿಸುತ್ತದೆ, ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಕ್ಲಚ್ ತುಳಿಯಲೂ ಹೊತ್ತು ಸಿಗುವುದಿಲ್ಲ, ಹಳೇ ಗಾಡಿಗೆ ತಲೆ ಕಾಯುವ ಕಬ್ಬಿಣದ ಕಮಾನೂ ಇಲ್ಲ. ಇನ್ನೊಂದು ಗಾಡಿಯಿಂದ ಎಳೆಸುವಾಗಲೂ ಎಳೆಯುವ ಗಾಡಿಯ ತಗ್ಗಿನ ಡ್ರಾ ಬಾರಿಗೇ ಸರಪಳಿ ಹಾಕಬೇಕು. ಟಾಪ್ ಲಿಂಕಿಗೆ ಅಥವಾ ಆಕ್ಸಲಿಗೆ ಹಾಕಿದರೆ ಅದೂ ಮಗುಚುತ್ತದೆ. ನೋಡಲು ಸೇರಿದವರನ್ನು ಸರಪಳಿಯ ಉದ್ದಕ್ಕಿಂತ ದೂರ ನಿಲ್ಲಿಸಿ.

ಗೇರ್ ಬೀಳುವುದಿಲ್ಲ, ಕರಕರ ಎನ್ನುತ್ತದೆ

ಬೇಸಿಗೆಯಿಡೀ ನಿಂತು ಮೃಗಶಿರದ ಮೊದಲ ಮಳೆಗೆ ಹೊರಬಂದ ಗಾಡಿಯಲ್ಲಿ ಇದು ಹೆಚ್ಚು. ತೇವಕ್ಕೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕು ಹಿಡಿದು ಅಂಟಿರುತ್ತದೆ. ಎಂಜಿನನ್ನು 20 ನಿಮಿಷ ಓಡಿಸಿ ಬಿಸಿ ಮಾಡಿ ನಿಲ್ಲಿಸಿ. ಮುಂದೆ ಪೂರ್ತಿ ಖಾಲಿ ಬಯಲು ಇರುವ ಕಡೆ ಟಾಪ್ ಗೇರ್ ಹಾಕಿ, ಕ್ಲಚ್ ಪೂರ್ತಿ ತುಳಿದು, ಸೀಟಿನಲ್ಲಿ ಕೂತೇ ಸ್ಟಾರ್ಟ್ ಮಾಡಿ ಎರಡೂ ಬ್ರೇಕ್ ಒಟ್ಟಿಗೆ ಒತ್ತಿ. ಎರಡು ಮೂರು ಸಲಕ್ಕೆ ಬಿಡದಿದ್ದರೆ ಬಲಪ್ರಯೋಗ ನಿಲ್ಲಿಸಿ ಗ್ಯಾರೇಜಿಗೆ ಹೇಳಿ. ನಾಟಿ ಮುಗಿಸಿ ಗಾಡಿ ನಿಲ್ಲಿಸಿಡುವಾಗ ಪೆಡಲ್ ಒತ್ತಿ ಮರದ ತುಂಡು ಕೊಟ್ಟಿಟ್ಟರೆ ಪ್ಲೇಟ್ ಅಂಟುವ ಪ್ರಶ್ನೆಯೇ ಬರುವುದಿಲ್ಲ.

ಗೇರ್ ಆಯಿಲ್ ಹಾಲುಚಹಾದಂತಾಗಿದೆ, ಲಿಫ್ಟ್ ಎತ್ತಲು ತಿಣುಕುತ್ತದೆ

ಇವೆರಡನ್ನು ಒಟ್ಟಿಗೇ ನೋಡಬೇಕು. ಹಲವು ಗಾಡಿಗಳಲ್ಲಿ ಗೇರಿಗೂ ರೋಟಾವೇಟರ್ ಎತ್ತಿ ಇಳಿಸುವ ಲಿಫ್ಟಿಗೂ ಒಂದೇ ಆಯಿಲ್.

ನೀರು ಬರುವ ಅಗ್ಗದ ದಾರಿ ಗೇರ್ ರಾಡಿನ ಬುಡದ ರಬ್ಬರ್ ಬೂಟು. ಅದು ಸೀಳಿದ್ದರೆ ಮಳೆಯ ನೀರು ನೇರ ಪೆಟ್ಟಿಗೆಗೆ ಇಳಿಯುತ್ತದೆ. ಎರಡನೆಯದು ಬ್ರೀದರ್ (ಹೌಸಿಂಗಿನ ಉಸಿರುತೂತು) ಮತ್ತು ಆಕ್ಸಲ್ ಸೀಲ್. ಮಧ್ಯಾಹ್ನದವರೆಗೆ ದುಡಿದು ಬಿಸಿಯಾದ ಹೌಸಿಂಗ್ ಗದ್ದೆಯ ನೀರಿನಲ್ಲೇ ನಿಂತರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಆ ಸೆಳೆತ ಸವೆದ ಸೀಲಿನ ಮೂಲಕ ಹೊರಗಿನ ನೀರನ್ನೇ ಒಳಕ್ಕೆಳೆಯುತ್ತದೆ. ಊಟಕ್ಕೆ ಹೋಗುವಾಗ ಗಾಡಿಯನ್ನು ಗದ್ದೆಯಿಂದ ಎತ್ತರಕ್ಕೆ ತಂದು ನಿಲ್ಲಿಸಿ ಎಂದು ಒತ್ತಿ ಹೇಳುವುದು ಇದಕ್ಕೇ.

ಬೆಳಿಗ್ಗೆ ತಳದ ಪ್ಲಗ್ ನಿಧಾನ ಸಡಿಲಿಸಿ ಒಂದು ಲೋಟ ಹಿಡಿಯಿರಿ. ಮೊದಲು ಬರೀ ನೀರು, ಆಮೇಲೆ ಒಳ್ಳೆಯ ಆಯಿಲ್ ಬಂದರೆ ನೀರು ಬಸಿದು, ಮಟ್ಟ ತುಂಬಿಸಿ ಎರಡು ದಿನ ದೂಡಬಹುದು. ಪೂರ್ತಿ ಹಾಲಾಗಿದ್ದರೆ ಬದಲಿಸಲೇಬೇಕು. 20 ಲೀಟರಿಗೂ ಹೆಚ್ಚು ಆಯಿಲ್ ಹಿಡಿಯುವ ಗಾಡಿಗಳೇ ಬಹಳ, ಖರ್ಚು ಚುರುಕೆನ್ನುತ್ತದೆ, ಆದರೆ ಬೇರಿಂಗಿನ ಮುಂದೆ ಅದು ಕಡಿಮೆ. ಸೀಲ್, ಬೂಟು ಸರಿಮಾಡದೆ ಹೊಸ ಆಯಿಲ್ ಸುರಿಯಬೇಡಿ.

ಆಯಿಲ್ ಚೆನ್ನಾಗಿದ್ದೂ ಲಿಫ್ಟ್ ಏಳದಿದ್ದರೆ ಮೊದಲು ಲಿವರ್ ನೋಡಿ. ಎಳೆತಕ್ಕೆ ತಕ್ಕಂತೆ ಆಳ ಹೊಂದಿಸುವ ಡ್ರಾಫ್ಟ್ ಲಿವರ್ ತಪ್ಪು ಕಡೆ ಇದ್ದರೆ, ಬೇಕಾದ ಎತ್ತರದಲ್ಲಿ ನಿಲ್ಲಿಸುವ ಪೊಸಿಶನ್ ಲಿವರ್ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಕೆಸರಿನಲ್ಲಿ ಪೊಸಿಶನ್ ಲಿವರಿನಿಂದಲೇ ಕೆಲಸ ಮಾಡಿ. ರೋಟಾವೇಟರಿಗೆ ಮೆತ್ತಿದ ಕೆಸರನ್ನು ತೊಳೆದು ಮತ್ತೊಮ್ಮೆ ಎತ್ತಿಸಿ. ಎತ್ತುವಾಗ ನಡುಗಿ ಕಿರುಗುಟ್ಟಿದರೆ ಪಂಪ್ ಗಾಳಿ ಎಳೆಯುತ್ತಿದೆ, ಮಟ್ಟ ಕಡಿಮೆ ಅಥವಾ ಸಕ್ಷನ್ ಫಿಲ್ಟರ್ ಕಟ್ಟಿದೆ. ಎತ್ತುತ್ತದೆ, ಎಂಜಿನ್ ನಿಲ್ಲಿಸಿದೊಡನೆ ಸರ್ರನೆ ಇಳಿಯುತ್ತದೆ ಎಂದರೆ ಒಳಗಿನ ಪಿಸ್ಟನ್ ರಬ್ಬರ್ ಅಥವಾ ವಾಲ್ವು ಸೋರುತ್ತಿದೆ. ಅದು ಬಲ್ಲವರ ಕೆಲಸ. ಎತ್ತಿದ ರೋಟಾವೇಟರಿನ ಅಡಿ ಮರದ ದಿಮ್ಮಿ ಕೊಡದೆ ಕೈ ಹಾಕಬೇಡಿ.

ಬ್ರೇಕ್ ಒಂದೇ ಕಡೆ ಹಿಡಿಯುತ್ತದೆ

ಹಳೇ ಗಾಡಿಗಳ ಡ್ರೈ ಬ್ರೇಕ್ ಕೆಸರುನೀರು ಕುಡಿಯುತ್ತದೆ. ಗದ್ದೆಯಿಂದ ಹತ್ತಿದ ಮೇಲೆ ಖಾಲಿ ರಸ್ತೆಯಲ್ಲಿ ಲೋ ಗೇರಿನಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದು ನೂರು ಮೀಟರ್ ಓಡಿಸಿ, ಬಿಸಿಗೆ ಒಣಗುತ್ತದೆ. ಆಮೇಲೂ ಒಂದೇ ಕಡೆ ಎಳೆದರೆ ಎರಡೂ ಪೆಡಲಿನ ಸಡಿಲ ಸಮ ಮಾಡಿ. ಸಮ ಮಾಡಿದರೂ ಒಂದು ಬದಿ ಹಿಡಿಯದಿದ್ದರೆ ಆ ಬದಿಯ ಆಕ್ಸಲ್ ಸೀಲ್ ಸೋರಿ ಲೈನಿಂಗ್ ಎಣ್ಣೆ ಕುಡಿದಿದೆ; ಪೆಟ್ರೋಲಿನಲ್ಲಿ ತೊಳೆದರೆ ಎರಡು ದಿನ, ಮತ್ತೆ ಅದೇ. ಸೀಲ್, ಲೈನಿಂಗ್ ಎರಡೂ ಬದಲಿಸಬೇಕು.

ರಸ್ತೆಗೆ ಬಂದೊಡನೆ ಎರಡೂ ಪೆಡಲ್ ಜೋಡಿಸುವ ಕೊಂಡಿ ಹಾಕಿ. ಟ್ರೇಲರ್ ಕಟ್ಟಿಕೊಂಡು ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯುವವರು ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಬೇಕು, ನಡುವೆ ಕ್ಲಚ್ ತುಳಿಯಬಾರದು. ಬ್ರೇಕ್ ಅನುಮಾನವಿದ್ದರೆ ಘಟ್ಟಕ್ಕೆ ಹೋಗಲೇಬೇಡಿ.

ಗಜನಿಗೆ ಇಳಿದು ಬಂದ ಗಾಡಿ

ಅಘನಾಶಿನಿ ಅಳಿವೆಯ ಸುತ್ತಲಿನ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ), ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ನೆಲದಲ್ಲಿ, ನೀರು ಉಪ್ಪು. ಅಲ್ಲಿಯ ಕೆಸರು ಆಳವಾದದ್ದರಿಂದ ಅಂಚಿನ ಗಟ್ಟಿ ಪಟ್ಟಿ ಬಿಟ್ಟು ಟ್ರ್ಯಾಕ್ಟರ್ ಇಳಿಸುವುದನ್ನೇ ತಪ್ಪಿಸಿ. ಇಳಿಸಿದರೆ ಅದೇ ಸಂಜೆ ಸಿಹಿನೀರಿನಲ್ಲಿ ತೊಳೆಯಿರಿ, ಮರುದಿನಕ್ಕೆ ಬಿಡಬೇಡಿ. ಡೈನಮೋ, ಸೆಲ್ಫ್, ಬ್ರೀದರ್, ಏರ್ ಕ್ಲೀನರಿನ ಬಾಯಿಗೆ ನೇರ ನೀರು ಹೊಡೆಯದೆ, ಬ್ರೇಕ್ ಡ್ರಮ್ಮಿನ ಸಂದು, ಚಕ್ರದ ರಿಮ್ಮು, ಲಿಫ್ಟ್ ಕೊಂಡಿ, ಕೇಜ್ ವೀಲಿನ ಬೋಲ್ಟುಗಳಿಗೆ ಧಾರಾಳವಾಗಿ ಬಿಡಿ. ಆಮೇಲೆ ಮುಂದಿನ ಹಬ್ಬು, ಸ್ಟಿಯರಿಂಗ್ ಕೊಂಡಿ, ಪೆಡಲ್ ಶಾಫ್ಟುಗಳ ನಿಪ್ಪಲ್ಲಿಗೆ ಹಳೇ ಗ್ರೀಸ್ ಕೆಸರಿನೊಂದಿಗೆ ಹೊರಬಂದು ಹೊಸ ಗ್ರೀಸ್ ಕಾಣುವವರೆಗೆ ಒತ್ತಿ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚುವ ತೀರ್ಮಾನ 2016ರಲ್ಲೇ ಆಯಿತು. ಅಂಥ ಗಾಡಿ ಇರುವವರು ಸೀಲ್, ಬೂಟು, ಕ್ಲಚ್ ಪ್ಲೇಟುಗಳ ಒಂದೊಂದು ಜೊತೆಯನ್ನು ಮೇ ತಿಂಗಳಲ್ಲೇ ತಂದು ಒಣಜಾಗದಲ್ಲಿ ಇಟ್ಟುಕೊಳ್ಳಿ.

ಗದ್ದೆನೀರಿನಲ್ಲಿ ನಿಂತು ರಿಪೇರಿ ಮಾಡುವಾಗ ಕಾಲಿಗೆ ಗಾಯವಿದ್ದರೆ ಗಮ್‌ಬೂಟು ಹಾಕಿಕೊಳ್ಳಿ. ನಾಟಿ ಮುಗಿದ ಒಂದೆರಡು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿ ಜ್ವರ ಇರಬಹುದು. ಗದ್ದೆನೀರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.